ಯುದ್ಧೋತ್ತರ ಚರಿತ್ರೆಯ ಶಾಲಾ ಬೋಧನೆ: ರಬಕವಿ–ಜಮಖಂಡಿ ಪ್ರದೇಶ

ಎರಡನೆಯ ಮಹಾಯುದ್ಧ 1945ರಲ್ಲಿ ಮುಗಿದ ಮೇಲೆ ಜಗತ್ತಿನಲ್ಲೂ ನಾಡಿನಲ್ಲೂ ಆದ ಬದಲಾವಣೆಗಳನ್ನು ಮಕ್ಕಳಿಗೆ ಕಲಿಸುವ ವಿಷಯ. ಬಾಗಲಕೋಟೆ ಜಿಲ್ಲೆಯ ರಬಕವಿ–ಬನಹಟ್ಟಿ, ಜಮಖಂಡಿ, ಮುಧೋಳ, ಬೀಳಗಿ ತಾಲ್ಲೂಕುಗಳಲ್ಲಿ ಈ ಚರಿತ್ರೆಯ ಸಾಕ್ಷ್ಯ ಊರೂರಲ್ಲೂ ಸಿಗುತ್ತದೆ.

ಹಿನ್ನೆಲೆ: ರಬಕವಿ ಸಾಂಗಲಿ ಸಂಸ್ಥಾನದಲ್ಲಿತ್ತು, ಪಕ್ಕದ ಬನಹಟ್ಟಿ ಜಮಖಂಡಿಯ ಪಟವರ್ಧನರದು. ಮುಧೋಳವನ್ನು ಘೋರ್ಪಡೆಯವರು ಆಳುತ್ತಿದ್ದರು. ಬೀಳಗಿ ಬ್ರಿಟಿಷರ ವಿಜಾಪುರ ಜಿಲ್ಲೆಗೆ ಸೇರಿತ್ತು. 1948ರಲ್ಲಿ ಈ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಜಮಖಂಡಿಯ ವಿಲೀನದಲ್ಲಿ ಮುಂದಾಳಾಗಿದ್ದ ಸಾವಳಗಿಯ ಬಿ.ಡಿ. ಜತ್ತಿ (1912–2002) 1958ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯಾದರು.

ಪಠ್ಯ: ಮುಂಬಯಿ ಆಡಳಿತದಲ್ಲಿ ಕನ್ನಡ ಶಾಲೆಯ ಓದು ಏಳನೆಯ ತರಗತಿಯ ಕೊನೆಯ ಮುಲ್ಕಿ ಪರೀಕ್ಷೆಗೆ ಮುಗಿಯುತ್ತಿತ್ತು. 1956ರ ನವೆಂಬರ್ 1ರ ಏಕೀಕರಣದೊಂದಿಗೆ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಈಗಿನ ಹತ್ತನೆಯ ತರಗತಿಯ ಸಮಾಜ ವಿಜ್ಞಾನದಲ್ಲಿ ಸಂಸ್ಥಾನಗಳ ವಿಲೀನ, ಶೀತಲ ಸಮರ, ವರ್ಣಭೇದ ನೀತಿ, ಸಾಮಾಜಿಕ ಚಳವಳಿಗಳು ಪಾಠಗಳಾಗಿವೆ. ವಿಲೀನದ ಪಾಠದಲ್ಲಿ ಹೈದರಾಬಾದ್, ಜುನಾಗಢ, ಕಾಶ್ಮೀರಗಳದೇ ದೊಡ್ಡ ಪಾಲು. ಮಗು ದಿನವೂ ನಡೆದಾಡುವ ಊರಿನ ವಿಲೀನವನ್ನು ಸೇರಿಸಿ ಹೇಳಬೇಕಾದವರು ಶಿಕ್ಷಕರು.

ಹೋಲಿಕೆ: ಅಮೆರಿಕದ ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟವನ್ನೂ ಇಲ್ಲಿನ ಅನುಭವದಿಂದ ತಿಳಿಸಬಹುದು. 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನ 17ನೆಯ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಕಪ್ಪು ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಶಾಲೆ ಇರಕೂಡದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪಿತ್ತಿತು. ಅಲ್ಲಿನ ನಾಗರಿಕ ಹಕ್ಕುಗಳ ಕಾಯ್ದೆ 1964ರಲ್ಲಿ ಬಂತು. ಗಾಂಧೀಜಿಯವರ ಅಹಿಂಸೆಯನ್ನು ನೆಚ್ಚಿದ್ದ ಆ ಹೋರಾಟದ ಮುಂದಾಳು ಮಾರ್ಟಿನ್ ಲೂಥರ್ ಕಿಂಗ್ 1959ರಲ್ಲಿ ಭಾರತಕ್ಕೆ ಬಂದಿದ್ದರು. ಕಾನೂನು ಬದಲಾದರೂ ಮನಸ್ಸು ಬದಲಾಗಲು ಕಾಲ ಬೇಕೆಂಬುದು ಎರಡೂ ದೇಶಗಳ ಪಾಠ.

ಸ್ಥಳೀಯ ಆಕರಗಳು: ರಬಕವಿ–ಬನಹಟ್ಟಿಯ ನೇಕಾರರ ಮನೆಗಳಲ್ಲಿ ಕೈಮಗ್ಗದ ಜಾಗಕ್ಕೆ ವಿದ್ಯುತ್ ಮಗ್ಗ ಬಂದದ್ದು, 1974ರಲ್ಲಿ ಜಾರಿಯಾದ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರು ಹೊಲದ ಒಡೆಯರಾದದ್ದು, ಆಲಮಟ್ಟಿ ಅಣೆಕಟ್ಟಿನ ಹಿನ್ನೀರಿನಲ್ಲಿ ಬೀಳಗಿ ಭಾಗದ ಊರುಗಳು ಮುಳುಗಡೆಯಾದದ್ದು ಸಾಮಾಜಿಕ ಬದಲಾವಣೆಯ ಪ್ರತ್ಯಕ್ಷ ಪಾಠಗಳು. ಪಹಣಿ, ಹಳೆಯ ಶಾಲಾ ದಾಖಲಾತಿ, ಪುನರ್ವಸತಿ ಊರುಗಳ ಹೆಸರು, ಹಿರಿಯರ ನೆನಪು ಇದಕ್ಕೆ ಆಕರ. ಸಂಸ್ಥಾನದ ಕಾಲದಲ್ಲಿ ಶಾಲೆಗೆ ಹೋದವರು ಈಗ ತೊಂಬತ್ತರ ಆಸುಪಾಸಿನಲ್ಲಿದ್ದಾರೆ. ಅವರನ್ನು ಕೇಳಿ ಬರೆದಿಡುವ ಕೆಲಸ ಈಗಿನ ಮಕ್ಕಳಿಂದಲೇ ಆಗಬೇಕು.