ಮೋತಿಖಾನ ಏನು ನುಡಿಯಿತು?

ಲ್ಯೂಟ್ ಯುರೋಪಿನ ತಂತಿವಾದ್ಯ. ಅರಬರ ಊದ್ ಅದರ ಮೂಲ. ಹೆಸರೂ ‘ಅಲ್ ಊದ್’ ಎಂಬುದರಿಂದಲೇ ಬಂದದ್ದು. ಹದಿನಾರನೆಯ ಶತಮಾನ ಮುಗಿಯುವ ಹೊತ್ತಿಗೆ ಒಬ್ಬನೇ ಕುಳಿತು ಲ್ಯೂಟಿನ ಮೇಲೆ ನುಡಿಸುವ ಕುಣಿತದ ಮಟ್ಟುಗಳಿಗೆ ಅಲ್ಲಿ ಬಹಳ ಬೇಡಿಕೆಯಿತ್ತು. ಅವುಗಳಲ್ಲಿ ಚುರುಕಾದದ್ದು ಗ್ಯಾಲಿಯರ್ಡ್. ನಮ್ಮ ದಾದ್ರಾದಂತೆ ಎಣಿಸಿದರೆ ಆರು ಮಾತ್ರೆ: ನಾಲ್ಕಕ್ಕೆ ನಾಲ್ಕು ಹೆಜ್ಜೆ, ಐದನೆಯದಕ್ಕೆ ಒಂದು ನೆಗೆತ, ಆರನೆಯದಕ್ಕೆ ಮತ್ತೆ ನೆಲ.

ಈ ಬಗೆಯ ಮಟ್ಟುಗಳಿಗೆ ಹೆಸರಾದವನು ಇಂಗ್ಲೆಂಡಿನ ಜಾನ್ ಡೌಲೆಂಡ್ (1563–1626). 1598ರಿಂದ 1606ರವರೆಗೆ ಡೆನ್ಮಾರ್ಕಿನ ದೊರೆಯ ಆಸ್ಥಾನದಲ್ಲಿದ್ದ. ಆ ದೊರೆಯ ಹೆಸರಿನಲ್ಲಿ ಅವನು ಕಟ್ಟಿದ ಗ್ಯಾಲಿಯರ್ಡ್ 1610ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು.

ಅದೇ ಕಾಲಕ್ಕೆ ಹುಕ್ಕೇರಿ, ಗೋಕಾಕ, ಮೂಡಲಗಿಯ ಸೀಮೆ ಬಿಜಾಪುರದ ಆದಿಲಶಾಹಿ ಆಳ್ವಿಕೆಯಲ್ಲಿತ್ತು. ಸಿಂಹಾಸನದ ಮೇಲಿದ್ದವನು ಎರಡನೆಯ ಇಬ್ರಾಹಿಮ್ (ಆಳ್ವಿಕೆ 1580–1627). ಜನ ‘ಜಗದ್ಗುರು ಬಾದಶಹ’ ಎಂದು ಕರೆದದ್ದು ಇವನನ್ನೇ. ಇವನ ರಾಜ್ಯಭಾರ ಬರಿ ಹಾಡು ಕುಣಿತವಾಗಿರಲಿಲ್ಲ. 1594ರ ಸುಮಾರಿಗೆ ಸೋದರ ಇಸ್ಮಾಯಿಲ್ ಬೆಳಗಾವಿ ಕೋಟೆಯಿಂದ ದಂಗೆಯೆದ್ದಾಗ, ಹುಕ್ಕೇರಿಯ ಸರದಾರ ಐನ್-ಉಲ್-ಮುಲ್ಕ್ ಅವನ ಪಕ್ಷ ಸೇರಿ ಪ್ರಾಣ ಕಳೆದುಕೊಂಡ. ಹುಕ್ಕೇರಿಯ ಗುಮ್ಮಟಗಳು ಇಂದಿಗೂ ಆ ಆಳ್ವಿಕೆಯ ನೆನಪು ತರುತ್ತವೆ.

ಇಬ್ರಾಹಿಮ್ ಸ್ವತಃ ತಂಬೂರ ನುಡಿಸುತ್ತಿದ್ದ. ಅದೂ ಲ್ಯೂಟಿನ ಬಳಗದ್ದೇ, ಕತ್ತು ಮಾತ್ರ ಉದ್ದ. ಅದಕ್ಕೆ ‘ಮೋತಿಖಾನ’ ಎಂದು ಹೆಸರಿಟ್ಟು, ‘ಕಿತಾಬ್-ಎ-ನೌರಸ್’ ಎಂಬ ತನ್ನ ದಖ್ಖನಿ ಹಾಡುಗಳ ಪುಸ್ತಕದಲ್ಲಿ ಸರಸ್ವತಿ, ಗಣಪತಿ, ಗುಲಬರ್ಗಾದ ಬಂದೇನವಾಜರ ಸ್ತುತಿಯ ಜತೆಗೆ ವಾದ್ಯವನ್ನೂ ಹೊಗಳಿದ. ತನ್ನ ಆನೆಯನ್ನೂ ಬಿಡಲಿಲ್ಲ! ಅರಸ ತಂಬೂರ ಹಿಡಿದು ಕುಳಿತ ಚಿತ್ರವೊಂದು ಈಗ ದೂರದ ಪ್ರಾಗ್ ನಗರದಲ್ಲಿದೆ.

ಆದರೆ ಮೋತಿಖಾನ ನುಡಿದದ್ದೇನು? ಪುಸ್ತಕದಲ್ಲಿ ಹಾಡಿದೆ, ರಾಗದ ಹೆಸರಿದೆ, ಮಟ್ಟು ಇಲ್ಲ. ಡೌಲೆಂಡನದು ಉಳಿದದ್ದಕ್ಕೆ ಅವನ ಪ್ರತಿಭೆಯಷ್ಟೇ ಕಾರಣವಲ್ಲ. ಲ್ಯೂಟಿನವರು ಕಾಗದದ ಮೇಲೆ ಆರು ಗೆರೆ ಎಳೆಯುತ್ತಿದ್ದರು, ಗೆರೆಗೊಂದು ತಂತಿ. ಯಾವ ಮನೆಯಲ್ಲಿ ಬೆರಳಿಡಬೇಕೆಂಬುದಕ್ಕೆ ಒಂದೊಂದು ಅಕ್ಷರ, ಮೇಲೆ ಕಾಲದ ಗುರುತು. ಇದು ಸ್ವರ ಬರೆಯುವುದಲ್ಲ, ಬೆರಳಿನ ದಾರಿ ಬರೆಯುವುದು. ವಾದ್ಯವೊಂದಿದ್ದರೆ ಇಂದಿನವರೂ ಅದೇ ದಾರಿ ಹಿಡಿಯಬಹುದು. ನಮ್ಮಲ್ಲಿ ಗುರುವಿನ ಕೈ, ಶಿಷ್ಯನ ಕಿವಿ. ಮನೋಧರ್ಮಕ್ಕೆ ಇದು ಕೊಟ್ಟ ಸ್ವಾತಂತ್ರ್ಯ ದೊಡ್ಡದು, ನಿಜ. ಒಂದು ತಲೆಮಾರು ಕೊಂಡಿ ಕಳಚಿದರೆ ಮಾತ್ರ ಹೋದದ್ದು ಹೋದಂತೆಯೇ.

ಇದೇ ಸೀಮೆಯ ಶ್ರೀಕೃಷ್ಣ ಪಾರಿಜಾತವನ್ನೇ ನೋಡಬಹುದು. ಅಪರಾಳ ತಮ್ಮಣ್ಣನ ಕೃತಿಗೆ ಆಟದ ರೂಪ ಕೊಟ್ಟವನು ಹಳೆಯ ಗೋಕಾಕ ತಾಲೂಕಿನ ಕುಲಗೋಡ ತಮ್ಮಣ್ಣ. ಊರೂರಿಗೆ ಮುಟ್ಟಿಸಿದವಳು ಕೌಜಲಗಿ ನಿಂಗಮ್ಮ. ಮಾತು, ಪದಗಳೆಲ್ಲ ಅಚ್ಚಾಗಿವೆ. ದಾಟಿಯನ್ನು ಕಲಿಯಬೇಕಾದರೆ ಈಗಲೂ ಹಾಡುವವರ ಮುಂದೆಯೇ ಹೋಗಿ ಕೂಡಬೇಕು.