ಸ್ಯಾಂಪಲ್ ಸ್ಲ್ಯಾಬ್

ನಾಣ್ಯಗಳನ್ನು ಪರೀಕ್ಷಿಸಿ ಅಂಕ ಕೊಡುವ ಗ್ರೇಡಿಂಗ್ ಸಂಸ್ಥೆಗಳು ಪ್ರಚಾರಕ್ಕಾಗಿ ಹಂಚುವ, ಪ್ಲಾಸ್ಟಿಕ್ಕಿನ ಮೊಹರಾದ ಮಾದರಿ ಪೆಟ್ಟಿಗೆ. ನಾಣ್ಯದ ಅಸಲಿತನ ಮತ್ತು ಸ್ಥಿತಿಯನ್ನು ಖಾತರಿಪಡಿಸಿ ಮುಚ್ಚಿಕೊಡುವ ಪೆಟ್ಟಿಗೆಗೆ ಸಂಗ್ರಾಹಕರು ಸ್ಲ್ಯಾಬ್ ಎನ್ನುತ್ತಾರೆ. ಸ್ಯಾಂಪಲ್ ಸ್ಲ್ಯಾಬ್‌ಗೆ ಅಂಥ ಖಾತರಿ ಇರುವುದಿಲ್ಲ. ಔಷಧ ಕಂಪನಿಗಳು ವೈದ್ಯರಿಗೆ ಕೊಟ್ಟುಹೋಗುವ ‘ಮಾರಾಟಕ್ಕಲ್ಲ’ ಎಂಬ ಮಾತ್ರೆಗಳ ಹಾಗೆ ಇದೂ ಪರಿಚಯಕ್ಕೆಂದು ಉಚಿತವಾಗಿ ಕೈಸೇರುವ ವಸ್ತು. ಒಳಗಿನ ನಾಣ್ಯ ಬಹುತೇಕ ಚಿಲ್ಲರೆ ಬೆಲೆಯದು. ಸಂಗ್ರಾಹಕರು ಬೆಲೆ ಕೊಡುವುದು ಅದರ ಹೊರಗಿನ ಪೆಟ್ಟಿಗೆಗೆ ಮತ್ತು ಚೀಟಿಗೆ. ಈ ಹವ್ಯಾಸ ಹುಟ್ಟಿ ಬೆಳೆದದ್ದು ಅಮೆರಿಕದಲ್ಲಿ.

ಹಿನ್ನೆಲೆ

ಅಮೆರಿಕದ ವಿಲಿಯಂ ಶೆಲ್ಡನ್ 1949ರಲ್ಲಿ ಆ ದೇಶದ ಹಳೆಯ ದೊಡ್ಡ ತಾಮ್ರದ ಸೆಂಟ್‌ಗಳ ಸ್ಥಿತಿಯನ್ನು ಅಳೆಯಲು 1ರಿಂದ 70ರವರೆಗಿನ ಅಂಕಮಾನವನ್ನು ರೂಪಿಸಿದ. ಮುಂದೆ ಎಲ್ಲ ಬಗೆಯ ನಾಣ್ಯಗಳಿಗೂ ಅದನ್ನೇ ಬಳಸತೊಡಗಿದರು. 60 ಮತ್ತು ಅದಕ್ಕೂ ಮೇಲಿನ ಅಂಕ ಚಲಾವಣೆಯಲ್ಲಿ ಸವೆಯದ ನಾಣ್ಯಕ್ಕೆ ಸಲ್ಲುತ್ತದೆ. 70 ಎಂದರೆ ಕುಂದಿಲ್ಲದ್ದು. ಒಂದೆರಡು ಅಂಕಗಳ ಅಂತರದಲ್ಲೇ ಬೆಲೆ ಹಲವು ಪಟ್ಟು ಏರುವುದರಿಂದ ಮಾರುವವನ ಅಂಕಕ್ಕೂ ಕೊಳ್ಳುವವನ ಅಂಕಕ್ಕೂ ತಾಳೆಯಾಗದೆ ಜಗಳಗಳು ಹೆಚ್ಚಿದವು. ಇಬ್ಬರಿಗೂ ಸಂಬಂಧವಿಲ್ಲದ ಮೂರನೆಯವರ ತೀರ್ಪು ಬೇಕೆನಿಸಿದ್ದು ಇದರಿಂದ.

ಅಮೆರಿಕನ್ ನಾಣ್ಯ ಸಂಘ 1972ರಲ್ಲಿ ಅನಾಕ್ಸ್ ಎಂಬ ವಿಭಾಗ ತೆರೆದು ನಾಣ್ಯಗಳ ಅಸಲಿತನವನ್ನು ಪರೀಕ್ಷಿಸತೊಡಗಿತು. 1979ರಿಂದ ಛಾಯಾಚಿತ್ರವಿರುವ ಪ್ರಮಾಣಪತ್ರದಲ್ಲಿ ಅಂಕವನ್ನೂ ನಮೂದಿಸಿತು. ಪತ್ರ ಒಂದು ಕಡೆ, ನಾಣ್ಯ ಇನ್ನೊಂದು ಕಡೆ ಇದ್ದುದು ಈ ಪದ್ಧತಿಯ ದೌರ್ಬಲ್ಯ. ಒಳ್ಳೆಯ ನಾಣ್ಯದ ಪತ್ರವನ್ನು ಕಳಪೆ ನಾಣ್ಯದ ಜೊತೆ ಮಾರಲು ಅಡ್ಡಿಯಿರಲಿಲ್ಲ. 1986ರಲ್ಲಿ ಕೆಲಸ ಆರಂಭಿಸಿದ ಪಿಸಿಜಿಎಸ್ ಸಂಸ್ಥೆ ನಾಣ್ಯವನ್ನೂ ಅಂಕದ ಚೀಟಿಯನ್ನೂ ಒಂದೇ ಪೆಟ್ಟಿಗೆಯಲ್ಲಿ ಮುಚ್ಚಿ, ತಾನು ಕೊಟ್ಟ ಅಂಕಕ್ಕೆ ಹಣದ ಹೊಣೆಯನ್ನೂ ಹೊತ್ತಿತು. 1987ರಲ್ಲಿ ಎನ್‌ಜಿಸಿ, 1998ರಲ್ಲಿ ಐಸಿಜಿ ಸಂಸ್ಥೆಗಳು ಹುಟ್ಟಿದವು. ಅನಾಕ್ಸ್ ಕೂಡ 1989ರಲ್ಲಿ ಪೆಟ್ಟಿಗೆಗೆ ಬದಲಾಯಿತು.

ನಾಣ್ಯ ಕಳಿಸುವವರಿಗೆ ಆಯ್ಕೆ ಹೆಚ್ಚಾದಂತೆ, ತಮ್ಮ ಪೆಟ್ಟಿಗೆ ಹೇಗಿರುತ್ತದೆಂದು ಕೈಗೆ ಕೊಟ್ಟು ತೋರಿಸುವುದು ಸಂಸ್ಥೆಗಳಿಗೆ ಅಗತ್ಯವಾಯಿತು. ನಾಣ್ಯ ಮೇಳಗಳ ಮೇಜಿನ ಮೇಲೆ ಸ್ಯಾಂಪಲ್‌ಗಳು ಬಂದದ್ದು ಹೀಗೆ.

ಸ್ವರೂಪ

ಸ್ಯಾಂಪಲ್ ಸ್ಲ್ಯಾಬ್ ಆಯಾ ಕಾಲದ ಅಸಲಿ ಪೆಟ್ಟಿಗೆಯ ಅಳತೆಯಲ್ಲೇ ಇರುತ್ತದೆ. ಈಗಿನವು ಸುಮಾರು 6 ಸೆಂ.ಮೀ. ಅಗಲ, 8.5 ಸೆಂ.ಮೀ. ಎತ್ತರ. ಗಟ್ಟಿ ಪ್ಲಾಸ್ಟಿಕ್ಕಿನ ಎರಡು ಹೋಳುಗಳನ್ನು ಶ್ರವಣಾತೀತ ಕಂಪನದಿಂದ ಬೆಸೆಯುತ್ತಾರೆ. ಒಡೆಯದೆ ತೆರೆಯಲು ಬರುವುದಿಲ್ಲ. ಚೀಟಿಯಲ್ಲಿ ಅಂಕದ ಜಾಗದಲ್ಲೋ ಅದರ ಪಕ್ಕದಲ್ಲೋ ‘ಸ್ಯಾಂಪಲ್’ ಎಂದಿರುತ್ತದೆ. ಪ್ರಮಾಣಸಂಖ್ಯೆ ಇರುವುದಿಲ್ಲ, ಇದ್ದರೂ ಎಷ್ಟೋ ಸಲ ಬರೀ ತೋರಿಕೆಯ ಅಂಕಿಗಳು.

ಒಳಗೆ ಹೆಚ್ಚಾಗಿ ಸಿಗುವುದು ಲಿಂಕನ್ ಸೆಂಟ್, ಜೆಫರ್‌ಸನ್ ನಿಕಲ್, ರೂಸ್‌ವೆಲ್ಟ್ ಡೈಮ್‌ಗಳಂಥ ದಿನಬಳಕೆಯ ಅಮೆರಿಕನ್ ನಾಣ್ಯಗಳು. 1999ರಿಂದ 2008ರವರೆಗೆ 50 ರಾಜ್ಯಗಳ ಹೆಸರಿನಲ್ಲಿ ಬಂದ ಕ್ವಾರ್ಟರ್‌ಗಳೂ ಇವೆ. ಬೆಳ್ಳಿ ಡಾಲರ್ ಇರುವ ಸ್ಯಾಂಪಲ್‌ಗಳು ಕಡಿಮೆ.

ವಿಧಗಳು

ಹೆಸರು, ದಿನಾಂಕ ಏನೂ ಇಲ್ಲದ ಸಾಮಾನ್ಯ ಸ್ಯಾಂಪಲ್‌ಗಳು ಹೆಚ್ಚು ಸಂಖ್ಯೆಯಲ್ಲಿವೆ. ಎರಡನೆಯ ಬಗೆ ಮೇಳದ ಸ್ಯಾಂಪಲ್: ಅಮೆರಿಕನ್ ನಾಣ್ಯ ಸಂಘದ ವಾರ್ಷಿಕ ಸಮಾವೇಶ ಅಥವಾ ಫ್ಲಾರಿಡದ ಚಳಿಗಾಲದ ಮೇಳದಂಥ ಸಂದರ್ಭದ ಹೆಸರು ಚೀಟಿಯಲ್ಲೇ ಅಚ್ಚಾಗಿರುತ್ತದೆ. ಮೂರನೆಯದು ವರ್ತಕರ ಭೋಜನಕೂಟ, ಸಂಸ್ಥೆಯ ವಾರ್ಷಿಕೋತ್ಸವಗಳಲ್ಲಿ ಆಹ್ವಾನಿತರಿಗಷ್ಟೇ ಕೊಟ್ಟದ್ದು.

ಹೊಸ ವಿನ್ಯಾಸವನ್ನು ಪರಿಚಯಿಸುವ ಸ್ಯಾಂಪಲ್‌ಗಳಿಗೆ ಇತಿಹಾಸದ ದೃಷ್ಟಿಯಿಂದ ಹೆಚ್ಚಿನ ಮಹತ್ವವಿದೆ. ಪೆಟ್ಟಿಗೆಗಳು ಯಾಕೆ ಬದಲಾದವು ಎಂಬುದಕ್ಕೆ 2007ರ ಅಧ್ಯಕ್ಷೀಯ ಡಾಲರ್‌ಗಳೇ ಉದಾಹರಣೆ. ಇವುಗಳ ವರ್ಷ ಮತ್ತು ಟಂಕಸಾಲೆಯ ಗುರುತು ನಾಣ್ಯದ ಅಂಚಿನಲ್ಲಿದ್ದವು. ಹಳೆಯ ಪೆಟ್ಟಿಗೆಗಳಲ್ಲಿ ಸುತ್ತಲಿನ ಉಂಗುರ ಆ ಅಂಚನ್ನೇ ಮರೆಮಾಡುತ್ತಿತ್ತು. ಹಾಗಾಗಿ ನಾಣ್ಯವನ್ನು ಸಣ್ಣ ಹಲ್ಲುಗಳಿಂದ ಮಾತ್ರ ಹಿಡಿದು, ಅಂಚನ್ನು ಕಾಣಿಸುವ ಪೆಟ್ಟಿಗೆಗಳು ಬಂದವು.

ಮುಚ್ಚಿಹೋದ ಸಣ್ಣಪುಟ್ಟ ಸಂಸ್ಥೆಗಳ ಸ್ಯಾಂಪಲ್‌ಗಳು ಇನ್ನೊಂದು ಗುಂಪು. ಇಂಥ ಸಂಸ್ಥೆ ಹೇಗೆ ಕೆಲಸ ಮಾಡುತ್ತಿತ್ತೆಂಬುದಕ್ಕೆ ಕೆಲವೊಮ್ಮೆ ಅದರ ಒಂದೆರಡು ಪೆಟ್ಟಿಗೆಗಳ ಹೊರತು ಬೇರೆ ಪುರಾವೆ ಸಿಗುವುದು ಕಷ್ಟ.

ಸಂಗ್ರಹ ಮತ್ತು ಬೆಲೆ

ನಾಣ್ಯ ಸಂಗ್ರಹದಲ್ಲಿ ಎಷ್ಟು ಟಂಕಿಸಿದರು ಎಂಬ ಸರ್ಕಾರಿ ಲೆಕ್ಕದಿಂದ ಅಪರೂಪತೆಯನ್ನು ಅಂದಾಜು ಮಾಡಬಹುದು. ಸ್ಯಾಂಪಲ್‌ಗಳಲ್ಲಿ ಬಹುಪಾಲಿಗೆ ಅಂಥ ಲೆಕ್ಕವೇ ಪ್ರಕಟವಾಗಿಲ್ಲ. ಎಲ್ಲೆಲ್ಲಿ, ಎಷ್ಟು ಬಾರಿ ಕಾಣಿಸಿಕೊಂಡಿತು ಎಂಬುದನ್ನು ಸಂಗ್ರಾಹಕರೇ ಗುರುತಿಟ್ಟುಕೊಂಡು ಪಟ್ಟಿಗಳನ್ನು ಬೆಳೆಸಿದ್ದಾರೆ. ಪೆಟ್ಟಿಗೆಯ ಪೀಳಿಗೆ, ಚೀಟಿಯ ಬಣ್ಣ, ಅಕ್ಷರದ ರೂಪ, ಹಿಂಬದಿಯ ಲಾಂಛನ – ಇವು ಆ ಪಟ್ಟಿಗಳ ಆಧಾರ. ಸಾಮಾನ್ಯ ಸ್ಯಾಂಪಲ್‌ಗಳು ಕೆಲವೇ ಡಾಲರ್‌ಗಳಿಗೆ ಸಿಗುತ್ತವೆ. ಅಪರೂಪದವು ನೂರಾರು ಡಾಲರ್ ಬಾಳುತ್ತವೆ.

ಹಳೆಯ ಪೆಟ್ಟಿಗೆಗಳ ಸಂಗ್ರಹ ಇದರ ನೆರೆಯ ಹವ್ಯಾಸ. ಪಿಸಿಜಿಎಸ್‌ನ ಮೊದಲ ಪೀಳಿಗೆಯ ಪೆಟ್ಟಿಗೆಯಲ್ಲಿ ನಾಣ್ಯ ಸಡಿಲವಾಗಿ ಕೂತು, ಅಲ್ಲಾಡಿಸಿದರೆ ಸದ್ದು ಮಾಡುತ್ತಿತ್ತು. ಸಂಗ್ರಾಹಕರು ಅದನ್ನು ‘ರ‍್ಯಾಟ್ಲರ್’ ಎಂದೇ ಕರೆಯುತ್ತಾರೆ. ಎನ್‌ಜಿಸಿಯ 1987ರ ಕಪ್ಪು ಪೆಟ್ಟಿಗೆಗಳಿಗೂ ಇಂಥದೇ ಬೇಡಿಕೆ.

ಕೊಳ್ಳುವವರು ಎರಡು ವಿಷಯಗಳಲ್ಲಿ ಎಚ್ಚರದಿಂದಿರಬೇಕು. ಚೀಟಿಯ ಮೇಲೆ ಏನೇ ಅಂಕವಿದ್ದರೂ ‘ಸ್ಯಾಂಪಲ್’ ಎಂದಿರುವ ನಾಣ್ಯವನ್ನು ಪ್ರಮಾಣಿತ ನಾಣ್ಯವೆಂದು ತಿಳಿಯಬಾರದು. ಎರಡನೆಯದಾಗಿ, ಪ್ರಸಿದ್ಧ ಸಂಸ್ಥೆಗಳ ಪೆಟ್ಟಿಗೆಗಳನ್ನೇ ನಕಲು ಮಾಡಿ ಮಾರುವವರಿದ್ದಾರೆ. ಬೆಸುಗೆಯ ಅಂಚಿನಲ್ಲಿ ಬಿಳಿಚಿದ ಗೆರೆ, ಬಿರುಕು ಕಂಡರೆ ಪೆಟ್ಟಿಗೆಯನ್ನು ತೆರೆದಿರುವ ಸಂಶಯವಿದೆ.

ಭಾರತ ಮತ್ತು ಕರ್ನಾಟಕ

ಭಾರತದ ನಾಣ್ಯಗಳಿಗೂ ಈ ಸಂಸ್ಥೆಗಳು ಅಂಕ ಕೊಡುತ್ತವೆ. ಭಾರತೀಯ ಹರಾಜುಗಳಲ್ಲಿ ಸ್ಲ್ಯಾಬ್ ಮಾಡಿದ ಬ್ರಿಟಿಷ್ ಕಾಲದ ರೂಪಾಯಿಗಳೂ, ಎನ್‌ಜಿಸಿಯ ಸೋದರ ಸಂಸ್ಥೆ ಪಿಎಂಜಿ ಅಂಕ ಕೊಟ್ಟ ನೋಟುಗಳೂ ಬರುತ್ತವೆ. ಆದರೆ ಇಲ್ಲಿನ ಸಂಗ್ರಾಹಕರಿಗೆ ಕಾನೂನಿನ ಗಡಿಯೊಂದಿದೆ. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ 100 ವರ್ಷ ತುಂಬಿದ ನಾಣ್ಯ ಪ್ರಾಚ್ಯವಸ್ತು. ಖಾಸಗಿ ವ್ಯಕ್ತಿಗಳು ಅದನ್ನು ಗ್ರೇಡಿಂಗ್‌ಗೆಂದೂ ದೇಶದ ಹೊರಗೆ ಕಳಿಸುವಂತಿಲ್ಲ. ಐದನೇ ಜಾರ್ಜ್‌ನ ನಿಲುವಂಗಿಯ ಮೇಲಿನ ಆನೆ ಹಂದಿಯಂತೆ ಕಂಡಿತೆಂಬ ಆಕ್ಷೇಪಕ್ಕೆ ಗುರಿಯಾದ 1911ರ ರೂಪಾಯಿ ಈ ನಿಷೇಧದೊಳಗೆ ಬರುತ್ತದೆ, 1940ರ ದಶಕದ ರೂಪಾಯಿ ಸದ್ಯಕ್ಕೆ ಬರುವುದಿಲ್ಲ.

ಕರ್ನಾಟಕದಲ್ಲಿ ಬಾಗಲಕೋಟೆ ಜಿಲ್ಲೆಯನ್ನು ಉದಾಹರಣೆಗೆ ನೋಡಬಹುದು. ಇಲ್ಲಿನ ಮುಧೋಳ, ಜಮಖಂಡಿ ಭಾಗದಲ್ಲಿ ಸ್ವಾತಂತ್ರ್ಯದವರೆಗೆ ಮುಧೋಳ ಘೋರ್ಪಡೆಯವರ, ಜಮಖಂಡಿ ಪಟವರ್ಧನರ ಸಂಸ್ಥಾನಗಳಿದ್ದವು. ಈ ಸೀಮೆಯ ಹಳೆಯ ಮನೆಗಳಲ್ಲಿ ಉಳಿದ ರಾಣಿಛಾಪಿನ ರೂಪಾಯಿಗಳು ಗ್ರೇಡಿಂಗ್‌ನಲ್ಲಿ ಸೋಲಲು ಕಾನೂನಿಗಿಂತ ಮೊದಲಿನ ಕಾರಣವೊಂದಿದೆ. ಸರಕ್ಕೆ ಪೋಣಿಸಲು ಅವಕ್ಕೆ ಕೊಂಡಿ ಬೆಸೆಯುತ್ತಿದ್ದರು. ಹಬ್ಬಕ್ಕೆ, ಪೂಜೆಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿ ಬೆಳಗುತ್ತಿದ್ದರು. ಕೊಂಡಿಯ ಗುರುತು, ತಿಕ್ಕಿದ ಗೀರು ಇರುವ ನಾಣ್ಯವನ್ನು ಸಂಸ್ಥೆಗಳು ಅಸಲಿ ಎಂದು ಒಪ್ಪುತ್ತವೆ, ಆದರೆ ಅಂಕ ಕೊಡುವುದಿಲ್ಲ. ‘ಡಿಟೇಲ್ಸ್’ ಎಂದು ಬರೆದು, ದೋಷದ ಹೆಸರನ್ನು ಸೇರಿಸುತ್ತವೆ. ಮನೆತನಕ್ಕೆ ಬೆಲೆಯುಳ್ಳ ಬಳಕೆಯೇ ಮಾರುಕಟ್ಟೆಯಲ್ಲಿ ಕುಂದಾಗುತ್ತದೆ. ಹೊಲದಲ್ಲೋ ಪಾಯ ತೋಡುವಾಗಲೋ ಸಿಕ್ಕ ನಾಣ್ಯಗಳ ಸಂಗತಿ ಬೇರೆ. ಅವು ನಿಧಿ ಕಾಯ್ದೆಯಡಿ ಬರುವುದರಿಂದ ಸರ್ಕಾರಕ್ಕೆ ತಿಳಿಸಬೇಕು.

ಹೊದಿಕೆಗೆ ಬೆಲೆ ಕೊಡುವ ರೂಢಿ ಭಾರತದಲ್ಲಿ ಟಂಕಸಾಲೆಯ ಸೆಟ್‌ಗಳ ಮೂಲಕ ಬೆಳೆದಿದೆ. ಗಾಂಧೀ ಶತಾಬ್ದಿಯ 1969ರಿಂದೀಚೆಗೆ ಭಾರತದ ಟಂಕಸಾಲೆಗಳು ಸ್ಮರಣಾರ್ಥ ನಾಣ್ಯಗಳ ಪ್ರೂಫ್ ಮತ್ತು ಅಚಲಾವಣೆಯ ಸೆಟ್‌ಗಳನ್ನು ಪೆಟ್ಟಿಗೆ, ಕಾರ್ಡ್‌ಗಳಲ್ಲಿ ಮಾರುತ್ತಿವೆ. ಬಾಗಲಕೋಟೆ ಜಿಲ್ಲೆಯ ಕೂಡಲಸಂಗಮದೊಂದಿಗೆ ಬದುಕು ಬೆಸೆದುಕೊಂಡ ಬಸವಣ್ಣನವರ ಸ್ಮರಣೆಗೆ 2006ರಲ್ಲಿ 5 ಮತ್ತು 100 ರೂಪಾಯಿಯ ನಾಣ್ಯಗಳು ಬಂದವು. 5 ರೂಪಾಯಿಯದು ಚಲಾವಣೆಗೂ ಬಂದು ಸಂತೆ, ಜಾತ್ರೆಗಳ ಚಿಲ್ಲರೆಯಲ್ಲಿ ಕೈ ಬದಲಿಸಿತು. 100 ರೂಪಾಯಿಯದು ಸಂಗ್ರಾಹಕರಿಗಾಗಿಯೇ ತಯಾರಾದದ್ದು. ಟಂಕಸಾಲೆಯ ಮೂಲ ಪೆಟ್ಟಿಗೆ ಇದ್ದರೆ ಇಂಥ ನಾಣ್ಯಕ್ಕೆ ಬಿಡಿ ನಾಣ್ಯಕ್ಕಿಂತ ಹೆಚ್ಚು ಬೆಲೆ. ಆದರೂ ಇವೆರಡರ ನಡುವೆ ವ್ಯತ್ಯಾಸವಿದೆ: ಟಂಕಸಾಲೆಯ ಪೆಟ್ಟಿಗೆ ಒಳಗಿನ ನಾಣ್ಯದ ಬೆಲೆಯನ್ನು ಏರಿಸುತ್ತದೆ, ಸ್ಯಾಂಪಲ್ ಸ್ಲ್ಯಾಬ್‌ನಲ್ಲಿ ಪೆಟ್ಟಿಗೆಯೇ ಬಹುಮಟ್ಟಿಗೆ ಪೂರ್ತಿ ಬೆಲೆ.