ಅಥ್ಲೆಟಿಕ್ಸ್‌ನಲ್ಲಿ ಎದುರಾಳಿಗಳ ಸಹಕಾರ

ಒಂದೇ ಪದಕಕ್ಕಾಗಿ ಸೆಣಸುವವರು ಸ್ಪರ್ಧೆಯ ನಡುವೆಯೇ ಒಬ್ಬರಿಗೊಬ್ಬರು ನೆರವಾಗುವ, ಸಲಕರಣೆ ಹಂಚಿಕೊಳ್ಳುವ ಅಥವಾ ಗೆಲುವನ್ನೇ ಸಮವಾಗಿ ಸ್ವೀಕರಿಸುವ ರೂಢಿ. ಜಿಗಿತ ಮತ್ತು ಎಸೆತದ ಸ್ಪರ್ಧೆಗಳಲ್ಲಿ ಇದು ಹೆಚ್ಚು. ಅಲ್ಲಿ ಸ್ಪರ್ಧಿಗಳು ಬಹಳ ಹೊತ್ತು ಅಕ್ಕಪಕ್ಕದಲ್ಲೇ ಕುಳಿತು ತಮ್ಮ ಸರದಿಗೆ ಕಾಯುತ್ತಾರೆ. ಈ ರೂಢಿಯ ಬಗ್ಗೆ ಅತಿ ಹೆಚ್ಚು ಹೇಳಲಾಗುವ ಕಥೆಗಳಿಗೆ ದಾಖಲೆಯ ಆಧಾರ ತೆಳುವಾಗಿದೆ. ದಾಖಲೆ ಗಟ್ಟಿಯಾಗಿರುವ ಪ್ರಸಂಗಗಳಲ್ಲಿ ಸ್ಪರ್ಧಿಗಳ ಒಳ್ಳೆಯತನದ ಜೊತೆಗೆ ನಿಯಮಪುಸ್ತಕದ ಪಾತ್ರವೂ ಕಾಣುತ್ತದೆ.

1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಎಡ್ವರ್ಡ್ ಕುಕ್ ಮತ್ತು ಆಲ್ಫ್ರೆಡ್ ಗಿಲ್ಬರ್ಟ್ ಪೋಲ್‌ವಾಲ್ಟ್ ಚಿನ್ನವನ್ನು ಹಂಚಿಕೊಂಡರು.

1936ರ ಬರ್ಲಿನ್ ಲಾಂಗ್‌ಜಂಪ್ ಸ್ಪರ್ಧೆ ಎಲ್ಲಕ್ಕಿಂತ ಪ್ರಸಿದ್ಧ, ಎಲ್ಲಕ್ಕಿಂತ ಗೋಜಲು. ಅರ್ಹತಾ ಸುತ್ತಿನಲ್ಲಿ ಎರಡು ಅವಕಾಶ ಕಳೆದುಕೊಂಡು ಅಮೆರಿಕದ ಜೆಸ್ಸಿ ಓವೆನ್ಸ್ ಹೊರಬೀಳುವಂತಿದ್ದಾಗ, ಜರ್ಮನಿಯ ಲುಟ್ಸ್ ಲಾಂಗ್ ಬಂದು ಹಲಗೆಗಿಂತ ತುಸು ಹಿಂದಿನಿಂದಲೇ ಹಾರಲು ಸೂಚಿಸಿದರು ಎಂಬುದು ಜನಜನಿತ ಕಥೆ. ಓವೆನ್ಸ್ ಸ್ವತಃ ಇದನ್ನು ಅನೇಕ ಸಲ ಹೇಳಿದ್ದರು. ಆದರೆ ಅಂದು ದುರ್ಬೀನಿನಲ್ಲಿ ಅವರನ್ನೇ ಗಮನಿಸುತ್ತಿದ್ದ ವರದಿಗಾರ ಗ್ರ್ಯಾಂಟ್‌ಲ್ಯಾಂಡ್ ರೈಸ್ ಅವರ ಕಣ್ಣಿಗೆ ಅಂಥ ಮಾತುಕತೆ ಬಿದ್ದಿರಲಿಲ್ಲ. ಸ್ಪರ್ಧೆ ಮುಗಿಯುವವರೆಗೆ ತಾವು ಲಾಂಗ್ ಅವರನ್ನು ಭೇಟಿಯಾಗಿರಲೇ ಇಲ್ಲವೆಂದು ಓವೆನ್ಸ್ ಮುಂದೆ ತಮ್ಮ ಬಳಿ ಒಪ್ಪಿಕೊಂಡರೆಂದು ಒಲಿಂಪಿಕ್ಸ್ ಇತಿಹಾಸಕಾರ ಟಾಮ್ ಎಕರ್ ಬರೆದಿದ್ದಾರೆ. ಕಥೆಯನ್ನು ಕೈಬಿಟ್ಟರೂ ಪ್ರಸಂಗದ ತೂಕ ಇಳಿಯುವುದಿಲ್ಲ. 8.06 ಮೀಟರ್ ಹಾರಿ ಗೆದ್ದ ಕಪ್ಪು ವರ್ಣೀಯನನ್ನು 7.87 ಮೀಟರ್ ಹಾರಿ ಸೋತ ಲಾಂಗ್ ನಾಜಿ ಆಡಳಿತದ ಕ್ರೀಡಾಂಗಣದಲ್ಲಿ ಎಲ್ಲರ ಎದುರು ಅಭಿನಂದಿಸಿದರು. ಇಬ್ಬರೂ ಹುಲ್ಲಿನ ಮೇಲೆ ಜೊತೆಯಾಗಿ ಒರಗಿರುವ ಛಾಯಾಚಿತ್ರ ಉಳಿದಿದೆ. ಲಾಂಗ್ 1943ರಲ್ಲಿ ಸಿಸಿಲಿಯ ಯುದ್ಧದಲ್ಲಿ ಮಡಿದರು.

ಅದೇ ಕೂಟದ ಪೋಲ್‌ವಾಲ್ಟ್‌ನಲ್ಲಿ ಜಪಾನಿನ ಶುಹೈ ನಿಶಿದಾ ಮತ್ತು ಸುಎಒ ಓಎ 4.25 ಮೀಟರಿನಲ್ಲಿ ಸಮವಾಗಿ ನಿಂತರು. ಒಬ್ಬರು ವಾಸೆದಾ ವಿಶ್ವವಿದ್ಯಾಲಯದವರು, ಇನ್ನೊಬ್ಬರು ಅದರ ಸಾಂಪ್ರದಾಯಿಕ ಎದುರಾಳಿ ಕೆಯೊದವರು. ಪರಸ್ಪರ ಮತ್ತೆ ಸೆಣಸಲು ಇಬ್ಬರೂ ಒಪ್ಪಲಿಲ್ಲ. ಬೆಳ್ಳಿ ನಿಶಿದಾಗೆ, ಕಂಚು ಓಎಗೆ ಸಂದಿತು. ಅವರು ಬೆಳ್ಳಿಯನ್ನು ಹಂಚಿಕೊಂಡರು ಎಂದು ಕೆಲವೆಡೆ ಬರೆಯುವುದು ತಪ್ಪು. ಊರಿಗೆ ಮರಳಿದ ಮೇಲೆ ಎರಡೂ ಪದಕಗಳನ್ನು ಕತ್ತರಿಸಿ, ಅರ್ಧ ಬೆಳ್ಳಿಗೆ ಅರ್ಧ ಕಂಚು ಬೆಸೆಸಿ, ಒಂದೊಂದನ್ನು ಇಟ್ಟುಕೊಂಡರು. ಓಎ 1941ರಲ್ಲಿ ಯುದ್ಧದಲ್ಲಿ ತೀರಿಕೊಂಡರು.

2021ರ ಆಗಸ್ಟ್ 1ರಂದು ಟೋಕಿಯೊ ಒಲಿಂಪಿಕ್ಸ್‌ನ ಹೈಜಂಪ್‌ನಲ್ಲಿ ಕತಾರಿನ ಮುತಾಜ್ ಬರ್ಶಿಮ್, ಇಟಲಿಯ ಜಿಯಾನ್‌ಮಾರ್ಕೊ ಟಂಬೆರಿ ಚಿನ್ನ ಹಂಚಿಕೊಂಡರು. ಗಾಯಗೊಂಡ ಟಂಬೆರಿ ಹಿಂದೆ ಸರಿದರು, ಒಬ್ಬರೇ ಗೆಲ್ಲಬಹುದಾಗಿದ್ದ ಬರ್ಶಿಮ್ ತ್ಯಾಗ ಮಾಡಿದರು ಎಂಬ ಸಂದೇಶ ಮೊಬೈಲುಗಳಲ್ಲಿ ಬಹಳ ಹರಿದಾಡಿತು. ಅದು ನಿಜವಲ್ಲ. ಇಬ್ಬರೂ 2.37 ಮೀಟರಿನವರೆಗೆ ಒಮ್ಮೆಯೂ ತಪ್ಪದೆ ಜಿಗಿದು, 2.39ರಲ್ಲಿ ಮೂರು ಸಲ ವಿಫಲರಾಗಿದ್ದರು. ಟಂಬೆರಿಯ ದೊಡ್ಡ ಗಾಯ 2016ರದ್ದು. ನಿರ್ಣಾಯಕ ಜಿಗಿತ ಬೇಡವೆಂದು ಇಬ್ಬರೂ ಒಪ್ಪಿದರೆ ಸ್ಥಾನ ಸಮವಾಗಿಯೇ ಉಳಿಯುತ್ತದೆಂಬ ನಿಯಮವಿತ್ತು. ಎರಡು ಚಿನ್ನ ಸಾಧ್ಯವೇ ಎಂದು ಬರ್ಶಿಮ್ ಅಧಿಕಾರಿಯನ್ನು ಕೇಳಿದರು. 1912ರ ನಂತರ ಒಲಿಂಪಿಕ್ಸ್ ಅಥ್ಲೆಟಿಕ್ಸ್‌ನಲ್ಲಿ ಇದೇ ಮೊದಲ ಜಂಟಿ ಚಿನ್ನ ಎಂದು ಆಗ ವರದಿಯಾಯಿತು. ಆ ಲೆಕ್ಕದ 1912, ಆ ಕೂಟದಲ್ಲಿ ಗೆದ್ದು ನಂತರ ಪದಕ ಕಳೆದುಕೊಂಡ ಅಮೆರಿಕದ ಜಿಮ್ ಥೋರ್ಪ್ ಅವರನ್ನು 1982ರಲ್ಲಿ ಜಂಟಿ ವಿಜೇತರೆಂದು ಸೇರಿಸಿದ್ದರಿಂದ ಬಂದದ್ದು. 2022ರಲ್ಲಿ ಥೋರ್ಪ್ ಏಕೈಕ ವಿಜೇತರೆಂದು ಘೋಷಿತರಾದ್ದರಿಂದ ಈಗ ಎಣಿಕೆ 1908ರ ಕುಕ್ ಮತ್ತು ಗಿಲ್ಬರ್ಟ್ ಅವರ ಚಿನ್ನಕ್ಕೆ ಹೋಗುತ್ತದೆ. 2023ರ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ನೀನಾ ಕೆನಡಿ, ಕೇಟಿ ಮೂನ್ ಪೋಲ್‌ವಾಲ್ಟ್ ಚಿನ್ನ ಹಂಚಿಕೊಂಡರೆ, 2024ರ ಪ್ಯಾರಿಸ್‌ನಲ್ಲಿ ಹೈಜಂಪ್‌ನ ಹಮೀಶ್ ಕೆರ್ ಮತ್ತು ಶೆಲ್ಬಿ ಮೆಕ್‌ಯುವೆನ್ ಸಮವಾಗಿ ನಿಂತರೂ ಹಂಚಿಕೊಳ್ಳದೆ ಮತ್ತೆ ಜಿಗಿದರು, ಕೆರ್ ಗೆದ್ದರು.

ಎಸೆತದಲ್ಲಿ ಹಂಚಿಕೆ ಕಡ್ಡಾಯವೇ ಆಗಿದೆ: ಒಬ್ಬರು ತಂದ ಸ್ವಂತ ಜಾವೆಲಿನ್ ಒಮ್ಮೆ ತಪಾಸಣೆಯಾಗಿ ಸ್ಪರ್ಧೆಗೆ ಸೇರಿದರೆ ಎಲ್ಲರೂ ಅದನ್ನು ಬಳಸಬಹುದು. ಟೋಕಿಯೊ ಫೈನಲ್‌ನಲ್ಲಿ ತಮ್ಮ ಜಾವೆಲಿನ್ ಪಾಕಿಸ್ತಾನದ ಅರ್ಷದ್ ನದೀಮ್ ಕೈಯಲ್ಲಿತ್ತು ಎಂದು ಭಾರತದ ನೀರಜ್ ಚೋಪ್ರಾ ಸಂದರ್ಶನದಲ್ಲಿ ಹೇಳಿದ್ದನ್ನೇ ಹಿಡಿದು, ನದೀಮ್ ಕುತಂತ್ರ ಮಾಡಿದರೆಂಬ ಆರೋಪ ಹಬ್ಬಿತು. ನೀರಜ್ ವಿಡಿಯೊ ಮೂಲಕ ಈ ನಿಯಮವನ್ನು ವಿವರಿಸಿ, ತಮ್ಮ ಮಾತನ್ನು ದ್ವೇಷಕ್ಕೆ ಬಳಸಬೇಡಿ ಎಂದು ಕೋರಿದರು. 2024ರ ಆರಂಭದಲ್ಲಿ ನದೀಮ್ ಹೊಸ ಜಾವೆಲಿನ್‌ಗಾಗಿ ಪರದಾಡುತ್ತಿದ್ದಾಗ ಅವರ ಪರವಾಗಿ ಮಾತನಾಡಿದ್ದೂ ನೀರಜ್. ಅದೇ ವರ್ಷ ಪ್ಯಾರಿಸ್‌ನಲ್ಲಿ ನದೀಮ್ 92.97 ಮೀಟರ್ ಎಸೆದು ಚಿನ್ನ ಗೆದ್ದರು, ನೀರಜ್ 89.45 ಮೀಟರಿನೊಂದಿಗೆ ಬೆಳ್ಳಿ.

ಇವರಿಬ್ಬರನ್ನು ಆಪ್ತಮಿತ್ರರೆಂದು ಬಣ್ಣಿಸುವ ಬರಹಗಳನ್ನು ಎಚ್ಚರದಿಂದ ಓದಬೇಕು. ತಾವು ಎಂದೂ ಗಾಢ ಸ್ನೇಹಿತರಾಗಿರಲಿಲ್ಲ, ಸಂಬಂಧ ಇನ್ನು ಮೊದಲಿನಂತಿರದು ಎಂದು 2025ರ ಮೇನಲ್ಲಿ ನೀರಜ್ ದೋಹಾದಲ್ಲಿ ಹೇಳಿದರು. ಅದಕ್ಕೆ ಮೊದಲು, ತಮ್ಮ ಹೆಸರಿನ ಕೂಟಕ್ಕೆ ನದೀಮ್ ಅವರನ್ನು ಆಹ್ವಾನಿಸಿದ್ದಕ್ಕಾಗಿ ನೀರಜ್ ಮತ್ತು ಅವರ ಕುಟುಂಬದವರು ನಿಂದನೆಗೆ ಗುರಿಯಾಗಿದ್ದರು. ಆಹ್ವಾನ ಕಾಶ್ಮೀರದ ಪಹಲ್ಗಾಮ್‌ನಲ್ಲಿ ನಡೆದ ಭಯೋತ್ಪಾದಕ ದಾಳಿಗೆ ಮುಂಚೆಯೇ ಹೋಗಿತ್ತು, ಅದು ಒಬ್ಬ ಕ್ರೀಡಾಪಟು ಇನ್ನೊಬ್ಬನಿಗೆ ಕೊಟ್ಟ ಕರೆ ಮಾತ್ರ ಎಂದು ಅವರು ಹೇಳಿಕೆ ನೀಡಬೇಕಾಯಿತು. ತರಬೇತಿಯ ಕಾರಣ ಕೊಟ್ಟು ನದೀಮ್ ಆಗಲೇ ಬರಲಾಗದೆಂದು ತಿಳಿಸಿದ್ದರು. ಮುಂದೂಡಲಾದ ಆ ಕೂಟ 2025ರ ಜುಲೈ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ನಡೆದು, 86.18 ಮೀಟರ್ ಎಸೆದ ನೀರಜ್ ಮೊದಲಿಗರಾದರು. ಕೆನ್ಯಾದ ಜೂಲಿಯಸ್ ಯೆಗೊ ಎರಡನೆಯವರು, ಶ್ರೀಲಂಕಾದ ರುಮೇಶ್ ಪತಿರಗೆ ಮೂರನೆಯವರು.